ಜಿಲ್ಲೆ ಬದಲಾದರೂ ಬದಲಾಗದ ಎಸ್‌ಟಿಡಿ ಕೋಡ್: ಓದುಗರ ಪ್ರಶ್ನೆಗಳಿಗೆ ಉತ್ತರ

ದೂರವಾಣಿ ಕೋಡ್‌ಗಳ ಬಗ್ಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಭಾಗದ ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ವಿಷಯವನ್ನು ಹಲವರು ಕೇಳಿರುವ ಕಡೆ ಪ್ರಶ್ನೆಗಳನ್ನು ಕೂಡಿಸಿ, ಊರಿನ ಹೆಸರನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ವಿಜಯನಗರ ಪ್ರತ್ಯೇಕ ಜಿಲ್ಲೆಯಾಗಿ ಹೊಸಪೇಟೆ ಜಿಲ್ಲಾ ಕೇಂದ್ರವಾದರೂ ನಮ್ಮ ಕೋಡ್ ಇನ್ನೂ 08394 ಎಂದೇ ಇದೆ. ಬಳ್ಳಾರಿಯದು 08392. ಹೊಸ ಜಿಲ್ಲೆಗೆ ಹೊಸ ಕೋಡ್ ಕೊಡಬೇಕೆಂಬ ನಿಯಮವಿಲ್ಲವೇ? – ಹೊಸಪೇಟೆ

ಉತ್ತರ: ಅಂಥ ನಿಯಮವಿಲ್ಲ. ಎಸ್‌ಟಿಡಿ ಕೋಡ್ ಜಿಲ್ಲೆಗೆ ಸೇರಿದ್ದು ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ವಾಸ್ತವದಲ್ಲಿ ಅದು ಸೇರಿರುವುದು ದೂರಸಂಪರ್ಕ ಇಲಾಖೆ ಕರೆಗಳ ಶುಲ್ಕ ಲೆಕ್ಕ ಹಾಕುವುದಕ್ಕಾಗಿ ಗುರುತಿಸಿಕೊಂಡ ವಲಯಕ್ಕೆ. ಇಲಾಖೆ ಇಡೀ ದೇಶವನ್ನು ಎರಡು ಹಂತದಲ್ಲಿ ವಿಂಗಡಿಸಿದೆ. ಮೇಲಿನ ಹಂತದ ದೊಡ್ಡ ವಲಯವನ್ನು ಎಲ್‌ಡಿಸಿಎ ಎಂದೂ ಅದರೊಳಗಿನ ಚಿಕ್ಕ ವಲಯವನ್ನು ಎಸ್‌ಡಿಸಿಎ ಎಂದೂ ಕರೆಯುತ್ತಾರೆ. ದೇಶದಲ್ಲಿ ದೊಡ್ಡ ವಲಯಗಳು 322 ಇದ್ದರೆ, ಚಿಕ್ಕವು 2,600ಕ್ಕೂ ಹೆಚ್ಚು. ಪ್ರತಿಯೊಂದು ಚಿಕ್ಕ ವಲಯಕ್ಕೂ ತನ್ನದೇ ಆದ ಕೋಡ್ ಇದೆ. ಗೆರೆ ಎಳೆಯುವಾಗ ಚಿಕ್ಕ ವಲಯಕ್ಕೆ ಹೆಚ್ಚುಕಡಿಮೆ ತಾಲ್ಲೂಕನ್ನೂ ದೊಡ್ಡ ವಲಯಕ್ಕೆ ಹೆಚ್ಚುಕಡಿಮೆ ಅಂದಿನ ಜಿಲ್ಲೆಯನ್ನೂ ಆಧಾರವಾಗಿಟ್ಟುಕೊಂಡರು. ಆದರೆ ಒಮ್ಮೆ ಎಳೆದ ಆ ಗೆರೆಯನ್ನು ಕಂದಾಯ ಇಲಾಖೆ ಹೊಸ ಜಿಲ್ಲೆ ಮಾಡಿದಾಗಲೆಲ್ಲ ತಿದ್ದಬೇಕೆಂದು ಯಾರೂ ವಿಧಿಸಲಿಲ್ಲ.

ಆದ್ದರಿಂದಲೇ ಅವಿಭಜಿತ ಬಳ್ಳಾರಿ ಜಿಲ್ಲೆ ಈ ಕೋಡ್‌ಗಳಲ್ಲಿ ಇಂದಿಗೂ ಇಡಿಯಾಗಿ ಉಳಿದಿದೆ. ಕೂಡ್ಲಿಗಿ 08391, ಬಳ್ಳಾರಿ 08392, ಕುರುಗೋಡು 08393, ಹೊಸಪೇಟೆ 08394, ಸಂಡೂರು 08395, ಸಿರುಗುಪ್ಪ 08396, ಹಗರಿಬೊಮ್ಮನಹಳ್ಳಿ 08397, ಹರಪನಹಳ್ಳಿ 08398, ಹೂವಿನಹಡಗಲಿ 08399. ಕೊನೆಯ ಅಂಕಿಯನ್ನು ಗಮನಿಸಿದರೆ ಒಂದರಿಂದ ಒಂಬತ್ತರವರೆಗೆ ಎಲ್ಲ ಸ್ಥಾನಗಳೂ ತುಂಬಿರುವುದು ಕಾಣುತ್ತದೆ. 

ಈ ಪೈಕಿ ಹರಪನಹಳ್ಳಿಯ ಕಥೆ ಸ್ವಾರಸ್ಯಕರವಾಗಿದೆ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಆ ತಾಲ್ಲೂಕು ಬಳ್ಳಾರಿಯಿಂದ ಅಲ್ಲಿಗೆ ಹೋಯಿತು. ಹೈದರಾಬಾದ್ ಕರ್ನಾಟಕ ಭಾಗಕ್ಕೆ ವಿಶೇಷ ಸ್ಥಾನಮಾನ ನೀಡುವ ಸಂವಿಧಾನದ 371(ಜೆ) ವಿಧಿಯ ಸೌಲಭ್ಯಕ್ಕಾಗಿ ನಡೆದ ಹೋರಾಟದ ಬಳಿಕ ಮತ್ತೆ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಇಷ್ಟೆಲ್ಲ ಓಡಾಟದ ನಡುವೆ ಅದರ ಕೋಡ್ 08398 ಆಗಿಯೇ ಇತ್ತು. ದಾವಣಗೆರೆಯ 0819ರ ಸಾಲಿಗೆ ಅದು ಹೋಗಲೇ ಇಲ್ಲ. ಕಂಪ್ಲಿಯದು ಇದಕ್ಕೆ ತಿರುಗುಮುರುಗಾದ ಸ್ಥಿತಿ. ಹಿಂದೆ ಹೊಸಪೇಟೆ ತಾಲ್ಲೂಕಿನಲ್ಲಿದ್ದ ಕಂಪ್ಲಿ ಈಗ ಸ್ವತಂತ್ರ ತಾಲ್ಲೂಕಾಗಿ ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದಿದ್ದರೂ, ದೂರವಾಣಿಯ ಲೆಕ್ಕದಲ್ಲಿ ಅದು ವಿಜಯನಗರ ಜಿಲ್ಲೆಯ ಹೊಸಪೇಟೆಯೊಂದಿಗೆ 08394ರಲ್ಲೇ ಇದೆ.

ಹೊಸ ಜಿಲ್ಲೆಗೆ ಹೊಸ ಕೋಡ್ ಬೇಕೆಂಬ ಹಂಬಲ ಅರ್ಥವಾಗುವಂಥದ್ದೇ. ಆದರೂ ಅದರಿಂದ ಆಗುವ ಲಾಭ ಏನೆಂದು ನಮಗೆ ತೋಚುವುದಿಲ್ಲ. ಕೋಡ್ ಬದಲಾದರೆ ಪ್ರತಿ ಕಚೇರಿ, ಆಸ್ಪತ್ರೆ, ಶಾಲೆ, ಅಂಗಡಿಯ ಫಲಕವನ್ನೂ ಲೆಟರ್‌ಹೆಡ್‌ ಅನ್ನೂ ತಿದ್ದಬೇಕು. ಹಳೆಯ ಸಂಖ್ಯೆಗೆ ಕರೆ ಮಾಡಿದವರು ತಿಂಗಳುಗಟ್ಟಲೆ ಪರದಾಡಬೇಕು. ವಾಹನಗಳ ವಿಷಯದಲ್ಲೂ ಹೊಸಪೇಟೆಗೆ ಕೆಎ–35 ಎಂಬ ನೋಂದಣಿ ಸಂಖ್ಯೆ ಜಿಲ್ಲೆಯಾಗುವುದಕ್ಕೆ ಮೊದಲೇ ಇತ್ತು. ಅದೂ ಆರ್‌ಟಿಒ ಕಚೇರಿಗೆ ಸೇರಿದ ಸಂಖ್ಯೆಯೇ ಹೊರತು ಜಿಲ್ಲೆಗೆ ಸೇರಿದ್ದಲ್ಲ.

ಪ್ರಶ್ನೆ: ಕೊಪ್ಪಳದವರಾದ ನಮಗೆ ವ್ಯವಹಾರವೆಲ್ಲ ಹೊಸಪೇಟೆ, ಗದಗಗಳೊಂದಿಗೆ. ರಾಯಚೂರು ದೂರ. ಆದರೂ ನಮ್ಮ ಕೋಡ್ ರಾಯಚೂರಿನ ಸಾಲಿನಲ್ಲಿದೆ. ಎದುರಿಗೇ ಕಾಣುವ ಹೊಳೆಯಾಚೆಯ ಊರಿಗೆ ಮಾತನಾಡಿದರೂ ಒಂದು ಕಾಲದಲ್ಲಿ ಎಸ್‌ಟಿಡಿ ದರ ಬೀಳುತ್ತಿತ್ತು. ಇದು ಯಾವ ನ್ಯಾಯ? – ಕೊಪ್ಪಳ ಮತ್ತು ಆನೆಗೊಂದಿ

ಉತ್ತರ: ಕೊಪ್ಪಳ ಜಿಲ್ಲೆ 1997ರ ಆಗಸ್ಟ್‌ನಲ್ಲಿ ರಾಯಚೂರಿನಿಂದ ಬೇರ್ಪಟ್ಟಿತು. ವಲಯಗಳ ಗುರುತು ಅದಕ್ಕಿಂತ ಹಳೆಯದು. ಹೀಗಾಗಿ ಹಳೆಯ ರಾಯಚೂರು ಜಿಲ್ಲೆಯ ಒಂಬತ್ತು ವಲಯಗಳು 0853ರ ಸಾಲಿನಲ್ಲಿ ಒಟ್ಟಿಗೇ ಕೂತಿವೆ. ದೇವದುರ್ಗ 08531, ರಾಯಚೂರು 08532, ಗಂಗಾವತಿ 08533, ಯಲಬುರ್ಗಾ 08534, ಸಿಂಧನೂರು 08535, ಕುಷ್ಟಗಿ 08536, ಲಿಂಗಸುಗೂರು 08537, ಮಾನ್ವಿ 08538, ಕೊಪ್ಪಳ 08539. ಒಂಬತ್ತರಲ್ಲಿ ನಾಲ್ಕು ಇಂದಿನ ಕೊಪ್ಪಳ ಜಿಲ್ಲೆಯವು, ಉಳಿದ ಐದು ರಾಯಚೂರಿನವು. ಕ್ರಮಸಂಖ್ಯೆಯಲ್ಲಿ ಮಾತ್ರ ಎರಡೂ ಜಿಲ್ಲೆಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಆಮೇಲೆ ಹುಟ್ಟಿದ ತಾಲ್ಲೂಕುಗಳು ತಮ್ಮ ಹಳೆಯ ತಾಲ್ಲೂಕಿನ ಕೋಡ್‌ನಲ್ಲೇ ಮುಂದುವರಿದಿವೆ. ಕುಕನೂರು ಯಲಬುರ್ಗಾದ ಜೊತೆಗೂ, ಕಾರಟಗಿ ಗಂಗಾವತಿಯ ಜೊತೆಗೂ ಇರುವುದು ಈ ಕಾರಣದಿಂದ.

ಇನ್ನು ಹೊಳೆಯಾಚೆಯ ಮಾತು. ತುಂಗಭದ್ರೆಯ ದಕ್ಷಿಣ ದಂಡೆಯ ಹಂಪಿಗೆ 08394 ಕೋಡ್ ಇದ್ದರೆ, ಉತ್ತರ ದಂಡೆಯ ಆನೆಗೊಂದಿಗೆ 08533. ಜಲಾಶಯದ ಒಂದು ತುದಿಯ ಮುನಿರಾಬಾದ್ 08539ರಲ್ಲಿದೆ, ಇನ್ನೊಂದು ತುದಿಯ ಟಿ.ಬಿ. ಡ್ಯಾಂ 08394ರಲ್ಲಿದೆ. ಹೊಳೆಯೇ ಜಿಲ್ಲೆಗಳ ಗಡಿಯಾಗಿದ್ದರಿಂದ ಅದೇ ಶುಲ್ಕ ವಲಯದ ಗಡಿಯೂ ಆಯಿತು. ಈ ಗಡಿಗೂ ಒಂದು ಹಿನ್ನೆಲೆಯಿದೆ. ನದಿಯ ಈಚೆಯ ಬಳ್ಳಾರಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು, ಆಚೆಯ ರಾಯಚೂರು, ಕೊಪ್ಪಳಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಬಳ್ಳಾರಿ 1953ರಲ್ಲಿ ಮೈಸೂರಿಗೆ ಸೇರಿತು, ರಾಯಚೂರು 1956ರಲ್ಲಿ. ಎರಡೂ ಒಂದೇ ರಾಜ್ಯವಾದ ಮೇಲೂ ಹೊಳೆಯ ಗೆರೆ ಜಿಲ್ಲಾ ಗಡಿಯಾಗಿ ಉಳಿದು, ಅಲ್ಲಿಂದ ಟೆಲಿಫೋನ್ ಬಿಲ್ಲಿಗೂ ಇಳಿಯಿತು.

ದೂರದ ಲೆಕ್ಕ ಹಾಕುವ ಕ್ರಮವೂ ತಿಳಿದಿರಬೇಕು. ಕರೆ ಮಾಡಿದ ಮನೆಗೂ ಕರೆ ಸ್ವೀಕರಿಸಿದ ಮನೆಗೂ ನಡುವಿನ ದೂರವನ್ನು ಯಾರೂ ಅಳೆಯುತ್ತಿರಲಿಲ್ಲ. ವಲಯದ ಕೇಂದ್ರಸ್ಥಾನದಿಂದ ಇನ್ನೊಂದರ ಕೇಂದ್ರಸ್ಥಾನಕ್ಕೆ ನೇರ ಗೆರೆಯಲ್ಲಿ ಎಷ್ಟು ಕಿಲೋಮೀಟರ್ ಎಂಬುದೇ ಲೆಕ್ಕ. ಆನೆಗೊಂದಿಯಿಂದ ಹಂಪಿಗೆ ಮಾಡಿದ ಕರೆ, ಇಲಾಖೆಯ ಕಣ್ಣಿನಲ್ಲಿ, ಗಂಗಾವತಿಯಿಂದ ಹೊಸಪೇಟೆಗೆ ಮಾಡಿದ ಕರೆ. ಅದೇ ಒಂದು ದೊಡ್ಡ ತಾಲ್ಲೂಕಿನ ಎರಡು ಕೊನೆಗಳಲ್ಲಿರುವ ಊರುಗಳ ನಡುವೆ ಮಾತನಾಡಿದರೆ, ದೂರ ಎಷ್ಟೇ ಇರಲಿ, ಸ್ಥಳೀಯ ದರವೇ. ಅನ್ಯಾಯ ಎಂದು ಅನಿಸುವುದು ಸಹಜ. ನಮಗೂ ಹಾಗೆಯೇ ಅನಿಸುತ್ತದೆ. ಗಡಿಯಂಚಿನ ಹಳ್ಳಿಗಳ ಪಾಲಿಗೆ ಈ ಪದ್ಧತಿ ಎಂದೂ ಹಿತವಾಗಿರಲಿಲ್ಲ.

ಈ ತೊಡಕನ್ನು ತುಸು ಸಡಿಲಿಸಿದ್ದು 95ರ ವ್ಯವಸ್ಥೆ. 2000ದ ದಶಕದ ಆರಂಭದಲ್ಲಿ ಹತ್ತಿರದ ವಲಯಗಳಿಗೆ ಕರೆ ಮಾಡುವಾಗ ಸೊನ್ನೆಯ ಬದಲು 95 ಒತ್ತಿ, ಆಮೇಲೆ ಸೊನ್ನೆಯಿಲ್ಲದ ಕೋಡ್ ಒತ್ತುವ ಪದ್ಧತಿ ಬಂತು. ಎಸ್‌ಟಿಡಿ ಸೌಲಭ್ಯಕ್ಕೆ ಬೀಗ ಹಾಕಿಸಿದ್ದ ಫೋನಿನಿಂದಲೂ ಆಗ ಗಂಗಾವತಿಯವರು 95–8394 ಒತ್ತಿ ಹೊಸಪೇಟೆಯೊಂದಿಗೆ ಮಾತನಾಡಬಹುದಾಗಿತ್ತು, ದರವೂ ಕಡಿಮೆ. ಇಂದು 95ರಿಂದ ಆರಂಭವಾಗುವುದು ಮೊಬೈಲ್ ಸಂಖ್ಯೆಗಳು. 2006ರ ಮಾರ್ಚ್ 1ರಂದು ಬಿಎಸ್‌ಎನ್‌ಎಲ್ ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದು ರೂಪಾಯಿ ಎಂಬ ‘ಒನ್ ಇಂಡಿಯಾ’ ಯೋಜನೆಯನ್ನು ತಂದ ಮೇಲೆ ವಲಯದ ಗಡಿಗೆ ಬಿಲ್ಲಿನಲ್ಲಿ ಇದ್ದ ಬೆಲೆ ಬಹುಮಟ್ಟಿಗೆ ಹೋಯಿತು. ಶುಲ್ಕಕ್ಕಾಗಿ ಎಳೆದ ಗೆರೆಗಳು ಶುಲ್ಕ ಹೋದ ಮೇಲೂ ಉಳಿದುಕೊಂಡಿವೆ ಎಂಬುದು ಇದರ ವಿಚಿತ್ರ.

ಪ್ರಶ್ನೆ: ಟ್ರಂಕ್ ಕಾಲ್ ಹೋಗಿ ಎಸ್‌ಟಿಡಿ ಬಂದದ್ದು ಯಾವಾಗ? ನಮ್ಮ ಮೊಮ್ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. – ಸಿಂಧನೂರು

ಉತ್ತರ: ಭಾರತದಲ್ಲಿ ಮೊದಲ ಎಸ್‌ಟಿಡಿ ಸಂಪರ್ಕ 1960ರ ನವೆಂಬರ್ 25ರಂದು ಕಾನ್ಪುರ ಮತ್ತು ಲಖನೌ ನಡುವೆ ಆರಂಭವಾಯಿತು. ಅದಕ್ಕೂ ಮೊದಲು, ಮತ್ತು ಸಣ್ಣ ಊರುಗಳಲ್ಲಿ ಅದಾದ ಎಷ್ಟೋ ವರ್ಷ, ಪರಸ್ಥಳಕ್ಕೆ ಮಾತನಾಡಬೇಕಾದವರು ಎಕ್ಸ್‌ಚೇಂಜಿಗೆ ಕರೆ ಮಾಡಿ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಾಗಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂಬ ಮೂರು ದರ್ಜೆಗಳಿದ್ದವು. ಹೆಚ್ಚು ಹಣ ತೆತ್ತವರಿಗೆ ಲೈನ್ ಬೇಗ ಸಿಗುತ್ತಿತ್ತು. ನಿರ್ದಿಷ್ಟ ವ್ಯಕ್ತಿಯೇ ಬಂದು ಮಾತನಾಡಬೇಕೆಂದರೆ ಪಿ.ಪಿ. ಕಾಲ್. ಹತ್ತಿ, ಭತ್ತ, ಶೇಂಗಾದ ದರ ತಿಳಿಯಲು ರಾಯಚೂರು, ಗಂಗಾವತಿ, ಬಳ್ಳಾರಿಯ ವ್ಯಾಪಾರಸ್ಥರಿಗೆ ಈ ಕಾಯುವಿಕೆ ತಪ್ಪಿದ್ದಲ್ಲ. ಕೋಡ್ ಎಂಬ ವ್ಯವಸ್ಥೆ ಬೇಕಾದದ್ದು ಆಪರೇಟರ್ ಮಾಡುತ್ತಿದ್ದ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದಾಗ. ಸೊನ್ನೆ ಬಂದರೆ ಕರೆ ಊರ ಹೊರಗಿನದು ಎಂದು ಎಕ್ಸ್‌ಚೇಂಜ್ ತಿಳಿಯುತ್ತದೆ, ಮುಂದಿನ ಅಂಕಿಗಳಿಂದ ಯಾವ ವಲಯ ಎಂಬುದನ್ನು ಗುರುತಿಸುತ್ತದೆ, ಉಳಿದ ಅಂಕಿಗಳನ್ನು ಆ ವಲಯದ ಎಕ್ಸ್‌ಚೇಂಜಿಗೆ ದಾಟಿಸುತ್ತದೆ.

ಗ್ರಾಮೀಣ ಭಾಗಕ್ಕೆ ಇದನ್ನು ತಲುಪಿಸಿದ ಶ್ರೇಯದಲ್ಲಿ ಕರ್ನಾಟಕಕ್ಕೂ ಒಂದು ಪಾಲಿದೆ. 1984ರಲ್ಲಿ ಸ್ಥಾಪನೆಯಾದ, ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆಯಾದ ಸಿ–ಡಾಟ್, ನಮ್ಮ ಬಿಸಿಲು ಮತ್ತು ದೂಳನ್ನು ಹವಾನಿಯಂತ್ರಣವಿಲ್ಲದೆ ತಾಳಿಕೊಳ್ಳಬಲ್ಲ 128 ಲೈನ್‌ಗಳ ಪುಟ್ಟ ಗ್ರಾಮೀಣ ಎಕ್ಸ್‌ಚೇಂಜನ್ನು ರೂಪಿಸಿತು. ಅದರ ಮೊದಲ ಸ್ಥಾಪನೆ 1986ರಲ್ಲಿ ಆದದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ರಾಯಚೂರಿನ ಬೇಸಿಗೆಯನ್ನು ಬಲ್ಲವರಿಗೆ ಹವಾನಿಯಂತ್ರಣ ಬೇಡದ ಯಂತ್ರದ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದರ ಹಿಂದೆಯೇ ಹಳದಿ ಬಣ್ಣದ ಎಸ್‌ಟಿಡಿ ಬೂತ್‌ಗಳು ಬಂದವು. ರಾತ್ರಿ ದರ ಇಳಿಯುವ ಹೊತ್ತಿಗೆ ಅವುಗಳ ಮುಂದೆ ಸಾಲು ನಿಲ್ಲುತ್ತಿದ್ದುದನ್ನು ಮೊಮ್ಮಕ್ಕಳು ನಂಬದಿದ್ದರೂ ಅದು ನಡೆದದ್ದೇ.

ಪ್ರಶ್ನೆ: ರಾಯಚೂರಿನ ಕೋಡ್ ಬಳ್ಳಾರಿಗಿಂತ ಆಂಧ್ರ, ತೆಲಂಗಾಣದ ಊರುಗಳ ಕೋಡ್‌ಗೆ ಹತ್ತಿರವಿದೆಯಲ್ಲ? – ರಾಯಚೂರು

ಉತ್ತರ: ಹೌದು. ಕರ್ನೂಲು 08518, ರಾಯಚೂರು 08532, ಮಹಬೂಬ್‌ನಗರ 08542, ಅನಂತಪುರ 08554 ಎಂದು ಒಂದರ ಪಕ್ಕ ಒಂದು ಬರುತ್ತವೆ. ಬಳ್ಳಾರಿಯ ನೆರೆಯವರು ಹುಬ್ಬಳ್ಳಿ 0836, ಗದಗ 08372, ಕಾರವಾರ 08382. ಅದೇ ಸಾಲಿನ ಆರಂಭದಲ್ಲಿ ಬೆಳಗಾವಿಯ 0831ರ ಪಕ್ಕ ಗೋವೆಯ 0832 ಕೂಡ ಇದೆ. ಈ ಮಟ್ಟದ ಹಂಚಿಕೆ ರಾಜ್ಯದ ಗಡಿಯನ್ನು ಅನುಸರಿಸಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಪ್ರಶ್ನೆ: ಬೆಂಗಳೂರಿನ ಸಂಖ್ಯೆಗಳು ಎಂಟು ಅಂಕಿಯವು, ನಮ್ಮವು ಆರು. ನಮ್ಮ ಊರು ಸಣ್ಣದೆಂದೇ? ವಿಸಿಟಿಂಗ್ ಕಾರ್ಡಿನಲ್ಲಿ +91 ಹಾಕುವಾಗ ಸೊನ್ನೆ ಬೇಕೇ? – ಸಿರುಗುಪ್ಪ

ಉತ್ತರ: ಸೊನ್ನೆಯನ್ನು ಬಿಟ್ಟರೆ ಕೋಡ್ ಮತ್ತು ಸಂಖ್ಯೆ ಸೇರಿ ದೇಶದ ಎಲ್ಲೆಡೆ ಹತ್ತು ಅಂಕಿಗಳೇ. ಬೆಂಗಳೂರಿನ ಕೋಡ್ 80 ಎಂಬ ಎರಡು ಅಂಕಿಯದಾದ್ದರಿಂದ ಸಂಖ್ಯೆಗೆ ಎಂಟು ಉಳಿಯುತ್ತವೆ. ಹುಬ್ಬಳ್ಳಿಯ 836ಕ್ಕೆ ಏಳು. ತಮ್ಮ 8396ಕ್ಕೆ ಆರು. ಹೆಚ್ಚು ಸಂಪರ್ಕಗಳು ಬೇಕಾದ ಊರಿಗೆ ಚಿಕ್ಕ ಕೋಡ್ ಕೊಡುವುದು ಪದ್ಧತಿ, ಆದ್ದರಿಂದ ಊರಿನ ಗಾತ್ರಕ್ಕೂ ಇದಕ್ಕೂ ಸಂಬಂಧ ಇದೆ ಎನ್ನಲೇಬೇಕು. ಸ್ಥಳೀಯ ಸಂಖ್ಯೆಯ ಮೊದಲ ಅಂಕಿ ಕಂಪನಿಯ ಗುರುತು. ಬಿಎಸ್‌ಎನ್‌ಎಲ್‌ನದು 2. ಖಾಸಗಿ ಕಂಪನಿಗಳಿಗೆ ಬೇರೆ ಅಂಕಿಗಳನ್ನು ಕೊಡಬೇಕಾಗಿ ಬಂದಾಗ ಹಳೆಯ ಸಂಖ್ಯೆಗಳ ಮುಂದೆ ಎರಡು ಸೇರಿಕೊಂಡದ್ದು ಹಲವರ ನೆನಪಿನಲ್ಲಿರಬಹುದು.

ಕಾರ್ಡಿನಲ್ಲಿ +91 ಹಾಕಿದರೆ ಸೊನ್ನೆಯನ್ನು ಬಿಡಬೇಕು. +91 8396 ಎಂದು ಬರೆದು ಮುಂದೆ ಆರು ಅಂಕಿಗಳು. ಸೊನ್ನೆ ದೇಶದೊಳಗಿನ ಕರೆಗೆ ಮಾತ್ರ. ಎರಡನ್ನೂ ಕೂಡಿಸಿ ಮುದ್ರಿಸಿದ ಕಾರ್ಡುಗಳು ಸರ್ಕಾರಿ ಕಚೇರಿಗಳಲ್ಲೂ ಬೇಕಾದಷ್ಟು ಸಿಗುತ್ತವೆ.

ಪ್ರಶ್ನೆ: ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಸೊನ್ನೆ ಹಾಕಲೇಬೇಕೆಂದು ನಿಯಮ ಮಾಡಿದರು. ಈಗ ಪಕ್ಕದ ಬೀದಿಯ ಲ್ಯಾಂಡ್‌ಲೈನಿಗೂ ಕೋಡ್ ಒತ್ತಬೇಕಾಗುತ್ತದೆ ಎನ್ನುತ್ತಾರೆ. ಇದನ್ನೆಲ್ಲ ತೀರ್ಮಾನಿಸುವವರು ಯಾರು? – ಬಳ್ಳಾರಿ

ಉತ್ತರ: ಸಂಖ್ಯೆಗಳ ಒಡೆತನ ಕೇಂದ್ರ ಸರ್ಕಾರದ್ದು. ದೂರಸಂಪರ್ಕ ಇಲಾಖೆ ರಾಷ್ಟ್ರೀಯ ಸಂಖ್ಯಾ ಯೋಜನೆಯನ್ನು ರೂಪಿಸಿ, ಕಂಪನಿಗಳಿಗೆ ಸಂಖ್ಯೆಗಳನ್ನು ಗುಂಪುಗುಂಪಾಗಿ ಹಂಚುತ್ತದೆ. ಸದ್ಯದ ವ್ಯವಸ್ಥೆಗೆ ಆಧಾರ 2003ರ ಯೋಜನೆ. 1997ರಲ್ಲಿ ಸ್ಥಾಪನೆಯಾದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಈ ವಿಷಯದಲ್ಲಿ ಶಿಫಾರಸು ಮಾಡುತ್ತದೆ. ಆದೇಶ ಹೊರಡಿಸುವ ಅಧಿಕಾರ ಇಲಾಖೆಯದು. ರಾಜ್ಯ ಸರ್ಕಾರಕ್ಕಾಗಲಿ ಜಿಲ್ಲಾಡಳಿತಕ್ಕಾಗಲಿ ಇಲ್ಲಿ ಪಾತ್ರವಿಲ್ಲ, ಆದ್ದರಿಂದ ಕೋಡ್ ಬದಲಿಸಿ ಎಂಬ ಮನವಿಪತ್ರವನ್ನು ಜಿಲ್ಲಾಧಿಕಾರಿಗಳಿಗೆ ಕೊಟ್ಟು ಪ್ರಯೋಜನವಿಲ್ಲ.

ಸೊನ್ನೆಯ ನಿಯಮ ಈ ದಾರಿಯಲ್ಲೇ ಬಂದದ್ದು. ಟ್ರಾಯ್ 2020ರ ಮೇ ತಿಂಗಳಲ್ಲಿ ಶಿಫಾರಸು ಮಾಡಿತು, 2021ರ ಜನವರಿ 15ರಿಂದ ಅದು ಜಾರಿಗೆ ಬಂತು. ಸೊನ್ನೆಯಿಲ್ಲದೆ ಒತ್ತಿದ ಅಂಕಿಗಳು ಸ್ಥಳೀಯ ಲ್ಯಾಂಡ್‌ಲೈನಿನವು, ಸೊನ್ನೆ ಇದ್ದರೆ ಹೊರಗಿನವು ಎಂದು ಎಕ್ಸ್‌ಚೇಂಜ್ ಮೊದಲ ಅಂಕಿಯಲ್ಲೇ ತಿಳಿಯುವಂತಾದರೆ, ಗೊಂದಲದ ಭಯದಿಂದ ಮುಟ್ಟದೆ ಬಿಟ್ಟಿದ್ದ ಸಂಖ್ಯೆಗಳನ್ನೂ ಮೊಬೈಲಿಗೆ ಬಳಸಬಹುದು. ಹೀಗೆ ಸುಮಾರು 254 ಕೋಟಿ ಹೊಸ ಸಂಖ್ಯೆಗಳಿಗೆ ಅವಕಾಶವಾಗುತ್ತದೆ ಎಂಬುದು ಅಧಿಕೃತ ಲೆಕ್ಕ. ಮೊಬೈಲ್ ಸಂಖ್ಯೆಗೆ ಹನ್ನೊಂದನೆಯ ಅಂಕಿ ಸೇರಿಸುವುದಕ್ಕಿಂತ ಇದು ಎಷ್ಟೋ ವಾಸಿ ಎಂಬುದು ನಮ್ಮ ಅಭಿಪ್ರಾಯ.

ತಾವು ಕೇಳಿರುವ ಎರಡನೆಯ ಸುದ್ದಿಯ ಮೂಲ 2025ರ ಫೆಬ್ರವರಿಯಲ್ಲಿ ಟ್ರಾಯ್ ಮಾಡಿದ ಶಿಫಾರಸು. ಹಲವು ವಲಯಗಳಲ್ಲಿ ಲ್ಯಾಂಡ್‌ಲೈನುಗಳು ಕಡಿಮೆಯಾಗಿ, ಅವುಗಳಿಗೆಂದು ಕಾದಿರಿಸಿದ ಸಂಖ್ಯೆಗಳು ಬಳಕೆಯಾಗದೆ ಬಿದ್ದಿವೆ; ಬೇಡಿಕೆ ಹೆಚ್ಚಿರುವ ವಲಯಗಳಲ್ಲಿ ಸಂಖ್ಯೆಗಳ ಕೊರತೆ. ಸಂಖ್ಯೆಗಳನ್ನು ಚಿಕ್ಕ ವಲಯಕ್ಕೆ ಕಟ್ಟಿಹಾಕದೆ, ಇಡೀ ಪರವಾನಗಿ ಪ್ರದೇಶಕ್ಕೆ, ಎಂದರೆ ನಮ್ಮಲ್ಲಿ ಇಡೀ ಕರ್ನಾಟಕಕ್ಕೆ, ಒಂದೇ ಹತ್ತು ಅಂಕಿಯ ವ್ಯವಸ್ಥೆ ಮಾಡಬೇಕೆಂಬುದು ಅದರ ತಿರುಳು. ಹಾಗಾದಾಗ ಬಳ್ಳಾರಿಯ ಒಂದು ಲ್ಯಾಂಡ್‌ಲೈನಿನಿಂದ ಬಳ್ಳಾರಿಯ ಇನ್ನೊಂದಕ್ಕೂ 08392 ಸೇರಿಸಿಯೇ ಒತ್ತಬೇಕು. ಈಗಾಗಲೇ ಇರುವ ಸಂಖ್ಯೆಗಳು ಬದಲಾಗುವುದಿಲ್ಲ. ಮೊಬೈಲಿನಿಂದ ಕರೆ ಮಾಡುವವರಿಗೆ ವ್ಯತ್ಯಾಸವೇ ಇಲ್ಲ, ಏಕೆಂದರೆ ಅವರು ಈಗಲೂ ಕೋಡ್ ಸಮೇತವೇ ಒತ್ತುತ್ತಾರೆ.

ಪ್ರಶ್ನೆ: ಕೆಲವು ವರ್ಷಗಳ ಹಿಂದೆ ಊರು ದಾಟಿದರೆ ಸುಮ್ಮನಾಗುವ ಮೊಬೈಲುಗಳಿದ್ದವು. ಅದಕ್ಕೂ ಈ ಕೋಡ್‌ಗೂ ಸಂಬಂಧವಿತ್ತೇ? – ಸಂಡೂರು

ಉತ್ತರ: ನೇರ ಸಂಬಂಧವಿತ್ತು. 2001ರಲ್ಲಿ ಸ್ಥಿರ ದೂರವಾಣಿ ಕಂಪನಿಗಳಿಗೆ ಡಬ್ಲ್ಯುಎಲ್‌ಎಲ್ ಎಂಬ ನಿಸ್ತಂತು ಸೇವೆ ಕೊಡಲು ಅನುಮತಿ ಸಿಕ್ಕಿತು. ಆದರೆ ಆ ಫೋನು ಒಂದೇ ಚಿಕ್ಕ ವಲಯದೊಳಗೆ ಮಾತ್ರ ಕೆಲಸ ಮಾಡಬೇಕೆಂಬುದು ಷರತ್ತು. ಮೊಬೈಲ್ ಪರವಾನಗಿಗೆ ಭಾರಿ ಶುಲ್ಕ ತೆತ್ತಿದ್ದ ಕಂಪನಿಗಳು, ಅಗ್ಗದ ಪರವಾನಗಿಯಲ್ಲಿ ಮೊಬೈಲ್ ಸೇವೆಯನ್ನೇ ಕೊಡುತ್ತಿದ್ದಾರೆಂದು ನ್ಯಾಯಮಂಡಳಿಯವರೆಗೂ ಹೋದವು. ಕೂಗಿನಲ್ಲಿ ಹುರುಳಿತ್ತು. 2003ರ ನವೆಂಬರ್‌ನಲ್ಲಿ ಎರಡೂ ಬಗೆಯ ಸೇವೆಗೆ ಒಂದೇ ಆದ ಏಕೀಕೃತ ಪರವಾನಗಿ ಬಂದು ವಿವಾದ ತಣ್ಣಗಾಯಿತು. ಆ ನಡುವಿನ ಅವಧಿಯಲ್ಲಿ 08392 ಮತ್ತು 08395ರ ನಡುವಿನ ಗೆರೆ ನಿಜಕ್ಕೂ ಫೋನನ್ನು ಬಾಯಿ ಮುಚ್ಚಿಸುವ ಗೆರೆಯಾಗಿತ್ತು.

ಪ್ರಶ್ನೆ: ಹೊಳೆಗೆ ನೀರು ಬಂದಾಗ 1077ಕ್ಕೆ ಕರೆ ಮಾಡಿ ಎನ್ನುತ್ತಾರೆ. ಮೊಬೈಲಿನಿಂದ ಮಾಡಿದರೆ ಯಾವ ಜಿಲ್ಲೆಗೆ ಹೋಗುತ್ತದೆ? – ದೇವದುರ್ಗ

ಉತ್ತರ: 1077 ಜಿಲ್ಲಾ ಮಟ್ಟದ ವಿಪತ್ತು ಸಹಾಯವಾಣಿ, ಪ್ರತಿ ಜಿಲ್ಲೆಗೂ ಅದೇ ಸಂಖ್ಯೆ. ಮೊಬೈಲ್ ಸಂಖ್ಯೆಗೆ ಜಿಲ್ಲೆಯಿಲ್ಲವಾದ್ದರಿಂದ ಮುಂದೆ ಜಿಲ್ಲಾ ಕೇಂದ್ರದ ಕೋಡ್ ಸೇರಿಸುವುದು ಖಚಿತ ಮಾರ್ಗ. ತಮಗೆ ಬೇಕಾದದ್ದು ದೇವದುರ್ಗದ 08531 ಅಲ್ಲ, ಜಿಲ್ಲಾ ಕೇಂದ್ರವಾದ ರಾಯಚೂರಿನ 08532. ಅದನ್ನು ಒತ್ತಿ 1077 ಒತ್ತಬೇಕು. ಪ್ರಾಣಾಪಾಯದ ಸಂದರ್ಭದಲ್ಲಿ ಕೋಡ್ ಹುಡುಕುತ್ತ ಕೂರದೆ 112ಕ್ಕೆ ಕರೆ ಮಾಡಿರಿ, ಅದಕ್ಕೆ ಯಾವ ಕೋಡ್ ಕೂಡ ಬೇಡ.

ಪ್ರಶ್ನೆ: ಗಂಗಾವತಿಯಲ್ಲಿರುವ ನಮ್ಮ ಅಂಗಡಿಯನ್ನು ಹೊಸಪೇಟೆಗೆ ಸ್ಥಳಾಂತರಿಸುತ್ತಿದ್ದೇವೆ. ಗಿರಾಕಿಗಳಿಗೆ ಪರಿಚಯವಿರುವ ಹಳೆಯ ಲ್ಯಾಂಡ್‌ಲೈನ್ ಸಂಖ್ಯೆಯನ್ನು ಜೊತೆಗೆ ಒಯ್ಯಬಹುದೇ? – ಗಂಗಾವತಿ

ಉತ್ತರ: ಆಗುವುದಿಲ್ಲ. ಸಂಖ್ಯೆ ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ 2011ರ ಜನವರಿಯಲ್ಲಿ ದೇಶದಾದ್ಯಂತ ಬಂದದ್ದು ಮೊಬೈಲಿಗೆ ಮಾತ್ರ. 2015ರ ಜುಲೈನಿಂದ ಅದು ಬೇರೆ ರಾಜ್ಯಕ್ಕೆ ಹೋದರೂ ನಡೆಯುತ್ತದೆ. ಲ್ಯಾಂಡ್‌ಲೈನಿಗೆ ಅಂಥ ಹಕ್ಕಿಲ್ಲ. 08533ರ ಸಂಖ್ಯೆ ಹೊಳೆ ದಾಟುವಂತಿಲ್ಲ; ಕಾರಟಗಿಗೆ ಹೋಗುವುದಾಗಿದ್ದರೆ ಕೋಡ್ ಅದೇ ಇರುತ್ತಿತ್ತು, ಎಕ್ಸ್‌ಚೇಂಜ್ ಬೇರೆಯಾಗುವುದರಿಂದ ಮುಂದಿನ ಆರು ಅಂಕಿಗಳು ಸಾಮಾನ್ಯವಾಗಿ ಬದಲಾಗುತ್ತಿದ್ದವು. ಹೊಸ ಸಂಪರ್ಕ ಬರುವವರೆಗೆ ಹಳೆಯದನ್ನು ರದ್ದುಪಡಿಸದೆ, ಅದಕ್ಕೆ ಬರುವ ಕರೆಗಳನ್ನು ಮೊಬೈಲಿಗೆ ತಿರುಗಿಸುವ ಸೌಲಭ್ಯವನ್ನು ಎಕ್ಸ್‌ಚೇಂಜಿನಲ್ಲಿ ಕೇಳಿ ಪಡೆಯುವುದು ಒಳ್ಳೆಯದು.